ಬಿಡಬಲ್ಲ ಹಠಮಾರಿ

ಪಾವಗಡ ತಾಲ್ಲೂಕಿನ ತಿರುಮಣಿ ನಾನು ಹುಟ್ಟಿ ಬೆಳೆದ ಊರು. ಅಧ್ಯಾಪಕವೃತ್ತಿಯನ್ನು ನಡೆಸುತ್ತಿರುವುದೂ ಅದರ ಆಸುಪಾಸಿನಲ್ಲಿಯೇ. ಆಂಧ್ರದ ಸೀಮೆ ಬಹುಮಟ್ಟಿಗೆ ಸುತ್ತಿಕೊಂಡಿರುವ ಈ ತಾಲ್ಲೂಕಿನಲ್ಲಿ ಎಷ್ಟೋ ಮನೆಗಳ ಒಳಗೆ ತೆಲುಗು, ಶಾಲೆಯ ಒಳಗೆ ಕನ್ನಡ. ಮಳೆ ತಪ್ಪುವುದು ನಮ್ಮಲ್ಲಿ ವಾಡಿಕೆ; ಹೊತ್ತಿಗೆ ಸರಿಯಾಗಿ ಬಂದರೆ ಅದೇ ಸುದ್ದಿ. ಕಡಲೆಕಾಯಿಯೊಂದನ್ನೇ ನೆಚ್ಚಿಕೊಂಡು ಮುಗಿಲು ನೋಡುತ್ತ ಕುಳಿತ ತಲೆಮಾರುಗಳು ಇಲ್ಲಿ ಆಗಿಹೋಗಿವೆ. ಇಂಥ ಬಯಲುಸೀಮೆಯ ಮನುಷ್ಯ ಕಡಲ ತಡಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಬಾಳನ್ನು ಕುರಿತು ಬರೆಯಹೊರಡುವುದಕ್ಕೆ ಕಾರಣವೊಂದಿದೆ. ಅದನ್ನು ಮೊದಲೇ ಹೇಳಿಬಿಡುವುದು ಲೇಸು.

2015ರ ಸುಮಾರಿಗೆ ನಮ್ಮ ಊರಿಗೆ ಸೌರವಿದ್ಯುತ್ತಿನ ಯೋಜನೆ ಬಂದಿತು. ತಿರುಮಣಿಯೂ ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲವನ್ನು ಕ್ರಯಕ್ಕೆ ಕೊಳ್ಳದೆ, ವರ್ಷಕ್ಕೆ ಎಕರೆಗೆ 21,000 ರೂಪಾಯಿಗಳಂತೆ ರೈತರಿಂದ ಗೇಣಿಗೆ ಪಡೆಯುವ ಏರ್ಪಾಡು ಅದು. ನಮ್ಮ ತಂದೆಯವರದು ಎಂಟು ಎಕರೆ. ಅವರು ಕೊಡಲೊಪ್ಪಲಿಲ್ಲ. ಭೂಮಿ ತಾಯಿ, ತಾಯಿಯನ್ನು ಬಾಡಿಗೆಗೆ ಕೊಡುವವರುಂಟೇ ಎಂಬುದು ಅವರ ನಿಲುವು. ನಾನು ವಿಜ್ಞಾನ ಓದಿದವನು. ಬರಡು ನೆಲ, ಬೇಡದಷ್ಟು ಬಿಸಿಲು, ಇವೆರಡೂ ಬೆಳಕಾಗುವ ಕಾಲ ಬಂದಾಗ ಅಡ್ಡ ನಿಲ್ಲುವುದು ಮೂಢತನವೆಂಬುದು ನನ್ನ ನಿಲುವು. ತಂದೆಮಕ್ಕಳು ಒಂದೇ ಜಗಲಿಯ ಮೇಲೆ ಕುಳಿತು ತಿಂಗಳುಗಟ್ಟಲೆ ಮಾತು ಬಿಟ್ಟೆವು. ಆ ದಿನಗಳ ಬೇಸರವನ್ನು ಕಳೆಯಲೆಂದು ಶಾಲೆಯ ಪುಸ್ತಕದ ಬೀರುವಿನಿಂದ ನಾನು ತೆಗೆದುಕೊಂಡ ಗ್ರಂಥ ಕಾರಂತರ ಆತ್ಮಕಥೆ. 1948ರಲ್ಲಿ ಮೊದಲು ಪ್ರಕಟವಾದ ಆ ಪುಸ್ತಕಕ್ಕೆ ಅವರು ಕೊಟ್ಟ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಒಬ್ಬನಿಗೆ ಹತ್ತು ಮುಖಗಳಿರುವುದು ರಾವಣನ ಲಕ್ಷಣವೆಂದು ಪುರಾಣ ಬಲ್ಲವರು ಹೇಳಿಯಾರು. ಆದರೆ ಆ ಹತ್ತರಲ್ಲಿ ಒಂದನ್ನೂ ಅವರು ಮುಖವಾಡವಾಗಿ ಧರಿಸಿರಲಿಲ್ಲವೆಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ.

ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಚಾರ, ಮಡಿ, ದೇವರಪೂಜೆಗಳ ನಡುವೆ ಬೆಳೆದ ಬ್ರಾಹ್ಮಣ ಮನೆತನ. ಕುಂದಾಪುರದ ಹೈಸ್ಕೂಲನ್ನು ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜನ್ನು ಸೇರಿದ್ದ ಹುಡುಗ ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಓದನ್ನು ತೊರೆದ. ಆಗ ಅವನಿಗೆ ಇಪ್ಪತ್ತರ ಪ್ರಾಯ. ಖಾದಿ, ಸ್ವದೇಶಿ, ಕಾಂಗ್ರೆಸ್ಸಿನ ಪ್ರಚಾರ ಎಂದು ದಕ್ಷಿಣ ಕನ್ನಡದ ಊರೂರು ಅಲೆದ. ಅವರ ಮೊದಮೊದಲ ಪುಸ್ತಕಗಳಲ್ಲೊಂದಾದ ‘ರಾಷ್ಟ್ರಗೀತ ಸುಧಾಕರ’ದ ಹೆಸರೇ ಆ ಕಾಲದ ಕಾವನ್ನು ತಿಳಿಸುತ್ತದೆ.

ಈ ಕಾವು ಕೆಲವು ವರ್ಷಗಳಲ್ಲಿಯೇ ಇಳಿಯಿತು. ಇಂಥ ಕಡೆ ಸಾಮಾನ್ಯವಾಗಿ ಎರಡು ಬಗೆಯ ಮನುಷ್ಯರನ್ನು ಕಾಣುತ್ತೇವೆ. ಒಳಗಿನ ನಂಬಿಕೆ ಆರಿದರೂ ಹೊರಗಿನ ಟೋಪಿಯನ್ನು ತೆಗೆಯದವರು ಒಂದು ಬಗೆ. ಟೋಪಿಯನ್ನು ತೆಗೆದ ದಿನದಿಂದ ಅದನ್ನು ಹಾಕಿದವರನ್ನೆಲ್ಲ ಬೈಯುವವರು ಇನ್ನೊಂದು ಬಗೆ. ಕಾರಂತರು ಎರಡೂ ಆಗಲಿಲ್ಲ. ಜನರ ಉಡುಪನ್ನು ಬದಲಾಯಿಸಿದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲವೆಂಬುದನ್ನು ಅವರು ಅಲೆದಾಟದಲ್ಲಿಯೇ ಕಂಡುಕೊಂಡರೆಂದು ನನಗೆ ತೋರುತ್ತದೆ. ನಾಟಕ, ಪತ್ರಿಕೆ, ಸಮಾಜಸುಧಾರಣೆಗಳ ಕಡೆ ಅವರು ತಿರುಗಿದರು. ಆದರೆ ದೇಶವೆಂದರೆ ಭೂಪಟವಾಗಿರದೆ ತನ್ನ ಕಣ್ಣೆದುರಿನ ಮನುಷ್ಯರೆಂಬ ಅರಿವನ್ನು ಆ ದಿನಗಳಿಂದಲೇ ಪಡೆದು ಕೊನೆಯವರೆಗೂ ಉಳಿಸಿಕೊಂಡರು. ಸಿಪ್ಪೆಯನ್ನು ಬಿಟ್ಟರು, ತಿರುಳನ್ನು ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿಯೇ ‘ಔದಾರ್ಯದ ಉರುಳಲ್ಲಿ’ ಎಂಬ ಕಾದಂಬರಿಯನ್ನು ಹೊರತಂದು, ದೇಶಸೇವೆಯ ಆದರ್ಶಕ್ಕೆ ಹಿಡಿಯುವ ಗೆದ್ದಲನ್ನು ತೋರಿಸಿಕೊಟ್ಟ ಅವರು, ಆ ಆದರ್ಶಕ್ಕಾಗಿಯೇ ತಮ್ಮ ಓದನ್ನು ತೆತ್ತಿದ್ದವರು.

1933ರಲ್ಲಿ ‘ಚೋಮನ ದುಡಿ’ ಬಂದಿತು. ಒಂದು ತುಂಡು ನೆಲವನ್ನು ತಾನೇ ಉಳಬೇಕೆಂದು ಹಂಬಲಿಸುವ ಅಸ್ಪೃಶ್ಯ ಚೋಮನ ಕಥೆ ಅದು. ಎತ್ತಿನ ಜೋಡಿ ಅವನಿಗಿದೆ, ಉಳಲು ನೆಲವಿಲ್ಲ. ಅವನ ಕುಲದವನು ಬೇಸಾಯಗಾರನಾಗಕೂಡದೆಂಬ ಸಂಪ್ರದಾಯ ಅಡ್ಡ ನಿಲ್ಲುತ್ತದೆ. ಮತವನ್ನು ಬಿಟ್ಟರೆ ನೆಲ ಸಿಕ್ಕೀತೆಂಬ ಆಸೆ ಮೂಡಿದಾಗ, ಅವನು ನಂಬಿದ ಪಂಜುರ್ಲಿ ದೈವದ ಸೆಳೆತ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಈ ಕೃತಿಯನ್ನು ಬರೆದಾತ ದೈವದೇವರುಗಳ ವಿಷಯದಲ್ಲಿ ಸಂದೇಹವಾದಿ. ಬೇರೊಬ್ಬ ಸುಧಾರಕನಾಗಿದ್ದರೆ ಚೋಮನ ದೈವವನ್ನು ಅವನ ಅಜ್ಞಾನವೆಂದು ಒಂದು ಪುಟದಲ್ಲಿ ತೀರಿಸಿಬಿಡುತ್ತಿದ್ದ. ಧರ್ಮಾಭಿಮಾನಿಯಾಗಿದ್ದರೆ ಅದೇ ಸಂದರ್ಭವನ್ನು ಸ್ವಧರ್ಮದ ಜಯವೆಂದು ಕೊಂಡಾಡುತ್ತಿದ್ದ. ಕಾರಂತರು ಎರಡನ್ನೂ ಮಾಡದೆ, ಹಿಡಿದ ನಂಬಿಕೆ ಬಡವನೊಬ್ಬನಿಗೆ ಆಸರೆಯೂ ಆಗಬಲ್ಲದು, ಸಂಕೋಲೆಯೂ ಆಗಬಲ್ಲದು ಎಂಬುದನ್ನು ಒಂದೇ ಘಟನೆಯಲ್ಲಿ ಕಾಣಿಸಿದರು. ತನಗಿಲ್ಲದ ನಂಬಿಕೆಯನ್ನು ಒಳಹೊಕ್ಕು ನೋಡುವ ಈ ಶಕ್ತಿಯನ್ನು ನಾನು ಬಹು ದೊಡ್ಡದೆಂದು ಎಣಿಸುತ್ತೇನೆ. ಅವಿಶ್ವಾಸವೂ ಒಂದು ಮತವಾಗಿ ಗಟ್ಟಿಗೊಳ್ಳಬಹುದು. ಅದಕ್ಕೂ ಮಠ, ಮಂತ್ರ, ಬಹಿಷ್ಕಾರಗಳು ಹುಟ್ಟಿಕೊಳ್ಳಬಹುದು. ಕಾರಂತರ ಸಂದೇಹ ಆ ದಾರಿ ಹಿಡಿಯಲಿಲ್ಲ.

ಅವರ ಸ್ವಂತ ಬಾಳಿನಲ್ಲಿ ಇದರ ಪರೀಕ್ಷೆ ಬಂದುದು 1936ರಲ್ಲಿ. ಆ ವರ್ಷ ಅವರು ಬಂಟ ಮನೆತನದ ಲೀಲಾ ಆಳ್ವರನ್ನು ಮದುವೆಯಾದರು. ಜಾತಿಯನ್ನು ಮೀರಿದ ಮದುವೆ ಇಂದಿಗೂ ಹಳ್ಳಿಗಳಲ್ಲಿ ಸುಲಭವಲ್ಲ. ಆ ಕಾಲದ ಕರಾವಳಿಯಲ್ಲಿ ಅದರ ಬಿಸಿ ಎಷ್ಟೆಂಬುದನ್ನು ಓದುಗರು ಊಹಿಸಬಹುದು. ವೇದಿಕೆಯ ಮೇಲೆ ಜಾತಿಯನ್ನು ಖಂಡಿಸಿ ಮನೆಯೊಳಗೆ ಗೋತ್ರ ಕೇಳುವವರ ನಡುವೆ, ಮಾತನ್ನು ಮನೆಯೊಳಕ್ಕೆ ತಂದುಕೊಂಡವರು ಅವರು.

ಪುತ್ತೂರಿನ ಬಾಲವನ ಇನ್ನೊಂದು ಪ್ರಯೋಗ. ಮಕ್ಕಳಿಗೆ ಪಾಠವನ್ನು ಆಟ, ಕುಣಿತ, ಪ್ರಕೃತಿಗಳ ಜೊತೆಗೆ ಕಲಿಸಬೇಕೆಂಬ ಹಂಬಲದಿಂದ ಅಲ್ಲೊಂದು ಶಾಲೆಯನ್ನು ನಡೆಸಿದರು. ಅದು ಚಿರಕಾಲ ನಿಲ್ಲಲಿಲ್ಲ. ಅದಕ್ಕೂ ಮುಂಚೆ ಮೂಕಿ ಚಿತ್ರವನ್ನು ತೆಗೆದರು. ಆಮೇಲೆ ಮುದ್ರಣಾಲಯವನ್ನು ಹೂಡಿದರು. ಇವುಗಳಿಂದ ಹಣ ಕೂಡಲಿಲ್ಲ, ಸಾಲ ಕೂಡಿತು. ಅಧ್ಯಾಪಕನಾದ ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೊಂದು. ಶಾಲೆ ನಿಂತಿತೆಂದು ಅವರು ಮಕ್ಕಳನ್ನು ಮರೆಯಲಿಲ್ಲ. ಒಂದು ಕಟ್ಟಡದೊಳಗೆ ಆಗದ ಕೆಲಸವನ್ನು ಪುಸ್ತಕಗಳಲ್ಲಿ ಮಾಡಹೊರಟರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನೂ ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಕುಳಿತು ಬರೆದರು. ಒಂದು ಸಂಸ್ಥೆ ಮಾಡಬೇಕಾದ ಕೆಲಸವದು. ದಾರಿ ಮುಚ್ಚಿದರೆ ಗುರಿಯೂ ಮುಚ್ಚಿತೆಂದು ಕೈಕಟ್ಟಿ ಕೂಡುವವರು, ಮುಚ್ಚಿದ ದಾರಿಯ ಬಾಗಿಲಿಗೇ ತಲೆ ಚಚ್ಚಿಕೊಳ್ಳುವವರು, ಇಬ್ಬರೂ ನಮ್ಮ ವಿದ್ಯಾಕ್ಷೇತ್ರದಲ್ಲಿ ಹೇರಳವಾಗಿದ್ದಾರೆ. ಮೂರನೆಯ ಬಗೆಯವರು ವಿರಳ.

ಯಕ್ಷಗಾನದ ವಿಷಯದಲ್ಲಿ ಅವರ ನಡೆ ಇನ್ನೂ ತೊಡಕಿನದು. ಆದಕಾರಣ ಇನ್ನೂ ಬೋಧಪ್ರದವಾದುದು. ಹಳೆಯ ಪ್ರಸಂಗಗಳನ್ನೂ ರಾಗತಾಳಗಳನ್ನೂ ವೇಷಭೂಷಣಗಳನ್ನೂ ಸಂಶೋಧಿಸಿ ಅವರು ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಗ್ಗದ ಥಳಕು ಬಳಸಿ ಹಳೆಯ ವೇಷದ ಗಾಂಭೀರ್ಯವನ್ನು ಕೆಡಿಸುವುದನ್ನು ಅವರು ಸಹಿಸುತ್ತಿರಲಿಲ್ಲ. ಆದರೆ ಅದೇ ಕಾರಂತರು ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಮಾತನ್ನು ತೆಗೆದು ನೃತ್ಯಕ್ಕೂ ಗಾನಕ್ಕೂ ಪ್ರಾಧಾನ್ಯವಿತ್ತರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಮೇಳದೊಳಕ್ಕೆ ತಂದರು. ಸಂಪ್ರದಾಯದವರು ಕೆರಳಿದರು. ತಾವು ಮಾಡಿದರೆ ಪ್ರಯೋಗ, ಇತರರು ಮಾಡಿದರೆ ಅಪಚಾರವೇ ಎಂದು ಕೇಳಿದವರೂ ಉಂಟು.

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಕಾರಂತರ ಮಾತು ಒರಟು, ತೀರ್ಪು ಖಂಡತುಂಡ. ತಮಗೆ ಸರಿಕಂಡುದನ್ನು ಹೇಳುವಾಗ ಎದುರಿನವರ ನೋವನ್ನು ಲೆಕ್ಕಿಸುವ ತಾಳ್ಮೆ ಅವರಲ್ಲಿ ಯಾವಾಗಲೂ ಇರಲಿಲ್ಲ. ಅವರನ್ನು ಸಡಿಲ ಮನಸ್ಸಿನವರೆಂದು ಕರೆದರೆ ಬಲ್ಲವರು ನಕ್ಕಾರು. ಹಠಮಾರಿಯೆಂಬ ಬಿರುದೇ ಅವರಿಗೆ ಹೆಚ್ಚು ಒಪ್ಪುತ್ತದೆ. ನನ್ನ ಅರಿವಿನ ಮಟ್ಟಿಗೆ ಇದರ ಒಳಗುಟ್ಟು ಹೀಗಿದೆ: ಅವರ ಹಠ ನಂಬಿಕೆಗಳ ಮೇಲೆ ನಿಂತಿರಲಿಲ್ಲ, ನಂಬಿಕೆಗಳನ್ನು ಒರೆಗೆ ಹಚ್ಚುವ ಕಲ್ಲಿನ ಮೇಲೆ ನಿಂತಿತ್ತು. ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿ ನೋಡಿದ್ದು, ಬಾಳಿ ಅನುಭವಿಸಿದ್ದು ಇದೇ ಆ ಒರೆಗಲ್ಲು. ಚಿನ್ನ ಬದಲಾಗಬಹುದು, ಒರೆಗಲ್ಲನ್ನು ದಿನಕ್ಕೊಂದರಂತೆ ಬದಲಾಯಿಸುವವನು ಅಕ್ಕಸಾಲಿಗನಲ್ಲ.

1968ರಲ್ಲಿ, ಅರವತ್ತಾರರ ಪ್ರಾಯದಲ್ಲಿ, ಅವರು ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಪ್ರಕಟಿಸಿದರು. ಬಾಲ್ಯದಲ್ಲಿಯೇ ವಿಧವೆಯಾಗಿ, ಓದುಬರಹವಿಲ್ಲದೆ, ಹಳ್ಳಿಯ ಮೂಲೆಯಲ್ಲಿ ಮುಪ್ಪಾದ ಹೆಂಗಸೊಬ್ಬಳು ಅದರ ನಾಯಿಕೆ. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಸಾವಿರಾರು ವರ್ಷಗಳ ಹಿಂದಿನದು ಅವಳ ಕಣ್ಣಿಗೆ ಕಟ್ಟುತ್ತದೆ. ದೇವರುಗಳು ಹುಟ್ಟಿದ್ದನ್ನು, ಬೆಳೆದದ್ದನ್ನು, ಒಬ್ಬರ ಪೀಠದಲ್ಲಿ ಇನ್ನೊಬ್ಬರು ಕುಳಿತದ್ದನ್ನು ಅವಳು ಮೊಮ್ಮಗನಿಗೆ ಹೇಳುತ್ತಾಳೆ. ಶಾಸ್ತ್ರಿಗಳ ಬಾಯಿಂದಾಗಲಿ, ಪ್ರಾಧ್ಯಾಪಕರ ಬಾಯಿಂದಾಗಲಿ ಹೇಳಿಸಬಹುದಾಗಿದ್ದ ವಿಚಾರವನ್ನು ಶಾಸ್ತ್ರದ ಅಧಿಕಾರವೇ ಇಲ್ಲದ ಮುದುಕಿಯಿಂದ ಹೇಳಿಸಿದುದರಲ್ಲಿ ಕಾರಂತರ ಬಗೆ ಇದೆ. ನಂಬಿಕೆಗಳಿಗೂ ಹುಟ್ಟು, ಬೆಳವಣಿಗೆ, ಮುಪ್ಪುಗಳಿವೆಯೆಂದು ತಿಳಿದವನಿಗೆ ತನ್ನ ನಂಬಿಕೆಯನ್ನು ಶಾಶ್ವತವೆಂದು ಸಾಧಿಸಲು ಬಾಯಿ ಬರುವುದಿಲ್ಲ. ಇನ್ನೊಬ್ಬನ ನಂಬಿಕೆಯನ್ನು ಹೀಯಾಳಿಸಲೂ ಮನಸ್ಸು ಬರುವುದಿಲ್ಲ. ಮುಂದೆ ಅವರಿಗೆ ಬಂದ 1977ರ ಜ್ಞಾನಪೀಠ ಪ್ರಶಸ್ತಿ ಈ ಕೃತಿಗೇ ಸಂದಿತು.

ನಂಬಿಕೆಗಳನ್ನು ಬದಲಾಯಿಸುವವನು ಸಮಯಸಾಧಕನಾಗಿರಬಾರದೇಕೆ ಎಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ಗಾಳಿಕೋಳಿಯೂ ದಿಕ್ಕು ಬದಲಿಸುತ್ತದೆ, ದೋಣಿ ನಡೆಸುವ ಅಂಬಿಗನೂ ದಿಕ್ಕು ಬದಲಿಸುತ್ತಾನೆ. ಇವರನ್ನು ಬೇರ್ಪಡಿಸುವ ಬಗೆ ಹೇಗೆ? ನನಗೆ ಹೊಳೆದ ಉತ್ತರ ಇದು: ಬದಲಾವಣೆಗೆ ಬೆಲೆ ತೆತ್ತವರು ಯಾರೆಂಬುದನ್ನು ನೋಡಬೇಕು. ಸಮಯಸಾಧಕ ಬದಲಾದಾಗಲೆಲ್ಲ ಅವನ ಗಂಟು ದೊಡ್ಡದಾಗುತ್ತದೆ. ಕಾರಂತರು ಬದಲಾದಾಗಲೆಲ್ಲ ಏನನ್ನಾದರೂ ಕಳೆದುಕೊಂಡರು. ಚಳವಳಿ ಸೇರಿ ಪದವಿಯನ್ನು ಬಿಟ್ಟರು. ಚಳವಳಿಯಿಂದ ದೂರವಾಗಿ, ಮುಂದೆ ಅದರವರಿಗೆ ದೊರೆಯಲಿದ್ದ ಅಧಿಕಾರದ ಹಾದಿಯನ್ನೂ ಬಿಟ್ಟರು. ಮದುವೆಯಾಗಿ ನೆಂಟರಿಷ್ಟರ ಒಪ್ಪಿಗೆಯನ್ನು ಬಿಟ್ಟರು. 1975ರಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾದಾಗ, ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಸರ್ಕಾರದ ಗೌರವವನ್ನು ಒಮ್ಮೆ ಸ್ವೀಕರಿಸಿದವನು ಕೊನೆಯವರೆಗೂ ಅದಕ್ಕೆ ಋಣಿಯಾಗಿರಬೇಕೆಂಬ ಕಟ್ಟಳೆಯನ್ನು ಅವರು ಒಪ್ಪಲಿಲ್ಲ.

ಕೊನೆಯ ಪರೀಕ್ಷೆ ಎಂಬತ್ತು ದಾಟಿದ ಮೇಲೆ ಬಂದಿತು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆಯನ್ನು ಅವರು ವಿರೋಧಿಸಿದರು. ಕನ್ನಡದ ಮಕ್ಕಳಿಗೆ ವಿಜ್ಞಾನವನ್ನು ಸಂಪುಟಗಟ್ಟಲೆ ಉಣಬಡಿಸಿದವರು ವಿಜ್ಞಾನಕ್ಕೇ ಎದುರು ನಿಂತರೆಂದು ಕೆಲವರು ಹುಬ್ಬೇರಿಸಿದರು. ವಿಜ್ಞಾನವೆಂದರೆ ಅವರಿಗೆ ಪ್ರಶ್ನೆ ಕೇಳುವ ಹಕ್ಕು. ಆ ಹಕ್ಕನ್ನು ವಿಜ್ಞಾನದ ಹೆಸರಿನಲ್ಲಿಯೇ ಕಸಿದುಕೊಳ್ಳುವುದಾದರೆ, ಅದು ಕೂಡ ಹೊಸ ಪುರೋಹಿತಶಾಹಿಯಾಗದೆ ಇರುವುದಿಲ್ಲ. ಅವರು ನ್ಯಾಯಾಲಯದ ಬಾಗಿಲನ್ನು ತಟ್ಟಿದರು. 1989ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಯ ಚುನಾವಣೆಗೂ ನಿಂತರು. ಸೋತರು. ಕೈಗಾದಲ್ಲಿ ಸ್ಥಾವರ ಎದ್ದಿತು. 2000ದಿಂದ ಅಲ್ಲಿಂದ ವಿದ್ಯುತ್ತು ಹರಿಯತೊಡಗಿತು. ಅದನ್ನು ನೋಡಲು ಕಾರಂತರು ಇರಲಿಲ್ಲ. 1997ರ ಡಿಸೆಂಬರ್ 9ರಂದು, ತೊಂಬತ್ತೈದು ತುಂಬಿದ ಮೇಲೆ, ಅವರು ಮಣಿಪಾಲದಲ್ಲಿ ತೀರಿಕೊಂಡರು. ಆ ವಿವಾದದಲ್ಲಿ ಅವರು ಪೂರ್ತಿ ಸರಿಯಾಗಿದ್ದರೇ ಎಂಬುದನ್ನು ನಾನು ತೀರ್ಮಾನಿಸಲಾರೆ. ಅವರ ದಾರಿಯನ್ನು ಹಿಡಿದವನು ಅವರ ನಿರ್ಣಯಗಳನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಒಪ್ಪಿದರೆ ಅದೇ ಅವರಿಗೆ ಮಾಡುವ ದೊಡ್ಡ ಅಪಚಾರ.

ಈಗ ಮರಳಿ ತಿರುಮಣಿಗೆ. ನಮ್ಮ ತಂದೆಯವರು ಕೊನೆಗೆ ಒಪ್ಪಿ ರುಜು ಹಾಕಿದರು. ನನ್ನ ವಾದಕ್ಕೆ ಸೋತು ಹಾಕಿದರೆಂದು ಹೇಳಲಾರೆ. ಸತತವಾಗಿ ಬೆಳೆ ಕೈಕೊಟ್ಟ ಮೇಲೆ ಒಂದು ಬೆಳಗ್ಗೆ ಹೊಲದ ಬದುವಿನ ಮೇಲೆ ಬಹಳ ಹೊತ್ತು ಕುಳಿತಿದ್ದು ಬಂದು, ತಾಯಿಯೂ ಮುಪ್ಪಿನಲ್ಲಿ ವಿಶ್ರಾಂತಿ ಪಡೆಯಲಿ ಎಂಬರ್ಥದ ಮಾತೊಂದನ್ನು ತೆಲುಗಿನಲ್ಲಿ ಆಡಿದರು, ಅಷ್ಟೆ. 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯದ ಆ ಸೌರವನ ಪೂರ್ತಿಯಾಗಿ ಎದ್ದು ನಿಂತಿತು. ನಮ್ಮ ಎಂಟು ಎಕರೆಯ ಮೇಲೆ ಈಗ ನೀಲಿ ಫಲಕಗಳು ಸೂರ್ಯನ ಕಡೆ ಮುಖಮಾಡಿ ಸಾಲುಗಟ್ಟಿ ನಿಂತಿವೆ.

ಗೇಣಿಯ ಹಣ ವರ್ಷವರ್ಷವೂ ಬರುತ್ತದೆ. ತಂದೆಯವರು ಮಳೆಯ ಚಿಂತೆಯಿಲ್ಲದೆ ನಿದ್ದೆ ಮಾಡುತ್ತಾರೆ; ಯೋಜನೆಯ ವಿಷಯದಲ್ಲಿ ಅವರ ಬಾಯಿಂದ ಈಗ ಒಳ್ಳೆಯ ಮಾತೇ ಬರುತ್ತದೆ. ವಿಚಿತ್ರವೆಂದರೆ, ಅಳುಕು ಹುಟ್ಟಿದುದು ನನ್ನಲ್ಲಿ. ನೆಲವಿದ್ದವರಿಗೆ ಗೇಣಿ ಬಂದಿತು. ನೆಲವಿಲ್ಲದೆ ಕೂಲಿಯನ್ನೇ ನೆಚ್ಚಿದ್ದವರಿಗೆ? ನಮ್ಮ ಹೊಲದಲ್ಲಿ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಬರುತ್ತಿದ್ದ ಒಂದು ಮನೆತನ ಊರನ್ನು ಬಿಟ್ಟು ಬೆಂಗಳೂರು ಸೇರಿತು. ಆ ಮನೆಯ ಹುಡುಗ ನನ್ನ ತರಗತಿಯಲ್ಲಿ ಮೊದಲನೆಯ ಸಾಲಿನಲ್ಲಿ ಕೂಡುತ್ತಿದ್ದವನು. ಅವನು ವರ್ಗಾವಣೆ ಪತ್ರವನ್ನು ಕೇಳಲು ಬಂದು ನಿಂತ ದಿನ, ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ಕಾದಂಬರಿಯೊಳಗಿಂದ ಚೋಮನೇ ಎದ್ದುಬಂದು ನನ್ನ ಮೇಜಿನ ಮುಂದೆ ನಿಂತಂತಾಯಿತು. ನೆಲವಿಲ್ಲದವನ ಲೆಕ್ಕವನ್ನು ನನ್ನ ಪ್ರಗತಿಯ ಗಣಿತದಲ್ಲಿ ನಾನು ಹಿಡಿದಿರಲೇ ಇಲ್ಲ. ಮೂಢತನವನ್ನು ತಂದೆಯವರ ತಾಯ್ನೆಲದ ಭಕ್ತಿಯಲ್ಲಿ ಹುಡುಕುತ್ತಿದ್ದೆ. ಅದರ ಒಂದು ಪಾಲು ನನ್ನ ವಿಜ್ಞಾನಭಕ್ತಿಯಲ್ಲಿಯೂ ಇದ್ದಿತು.

ಹೀಗೆ ತಂದೆಮಕ್ಕಳು ಹೆಚ್ಚುಕಡಮೆ ನಿಲುವುಗಳನ್ನು ಅದಲುಬದಲು ಮಾಡಿಕೊಂಡೆವು. ಆದರೆ ಈಗ ಮಾತು ಬಿಡುವುದಿಲ್ಲ. ಯೋಜನೆ ಬೇಡವೆಂದು ನಾನು ಹೇಳುತ್ತಿಲ್ಲ, ಬೆಳಕು ಬೇಕು; ಭೂಮಿ ತಾಯಲ್ಲವೆಂದು ಅವರು ಹೇಳುತ್ತಿಲ್ಲ, ತಾಯಿಯೇ. ಇಬ್ಬರೂ ತಮ್ಮ ತಮ್ಮ ನಂಬಿಕೆಯನ್ನು ಮೊದಲಿಗಿಂತ ಸ್ವಲ್ಪ ಸಡಿಲವಾಗಿ ಹಿಡಿದಿದ್ದೇವೆ. ಸಡಿಲವಾಗಿ ಹಿಡಿದ ಕೈಗೆ ಇನ್ನೊಬ್ಬರ ಕೈಯನ್ನು ಹಿಡಿಯಲು ಜಾಗವಿರುತ್ತದೆ.

ಕಾರಂತರ ಹತ್ತು ಮುಖಗಳಲ್ಲಿ ನನಗೆ ಹೆಚ್ಚಾಗಿ ಕಾಣುವ ಮುಖ ಗೆದ್ದವರದಲ್ಲ. ಎಂಬತ್ತೇಳರ ಇಳಿವಯಸ್ಸಿನಲ್ಲಿ ಚುನಾವಣೆಯಲ್ಲಿ ಸೋತು, ಮನೆಗೆ ಬಂದು, ಮತ್ತೆ ಬರೆಯುವ ಮೇಜಿನ ಮುಂದೆ ಕುಳಿತ ಮುದುಕರದು ಆ ಮುಖ. ಸೋಲು ಅವರನ್ನು ಕಹಿಮಾಡಲಿಲ್ಲ, ಮೂಕರನ್ನಾಗಿಯೂ ಮಾಡಲಿಲ್ಲ. ಸಂಜೆಯ ಹೊತ್ತು ನಮ್ಮೂರಿನ ಫಲಕಗಳ ಮೇಲೆ ಬಿಸಿಲು ಇಳಿಯುವಾಗ, ಬೇಲಿಯ ಹೊರಗೆ ಮೇಯುವ ನಾಲ್ಕಾರು ಕುರಿಗಳನ್ನು ನೋಡುತ್ತ, ಅವರಿದ್ದಿದ್ದರೆ ಇಲ್ಲಿ ಯಾವ ಪ್ರಶ್ನೆಯನ್ನು ಕೇಳುತ್ತಿದ್ದರೆಂದು ಯೋಚಿಸುತ್ತೇನೆ. ಉತ್ತರ ತಿಳಿಯದು. ಆದರೆ ನಮ್ಮ ತಂದೆಯವರನ್ನೊಂದು, ಬೆಂಗಳೂರು ಸೇರಿದ ಆ ಹುಡುಗನನ್ನೊಂದು, ಎರಡು ಪ್ರಶ್ನೆಗಳನ್ನು ಅವರು ಕೇಳದೆ ಇರುತ್ತಿರಲಿಲ್ಲವೆಂದು ನಂಬಿದ್ದೇನೆ. ಈ ನಂಬಿಕೆಯನ್ನೂ, ಅವರಿಂದ ಕಲಿತಂತೆ, ಬಿಗಿಯಾಗಿ ಹಿಡಿದಿಲ್ಲ.